ಗೋಡೆಯ ಹದಿನಾಲ್ಕು ಭಾವಚಿತ್ರಗಳು

“ಇನ್ನು ಆರೇ ತಿಂಗಳು. ಆಮೇಲೆ ನನ್ನ ಫೋಟೋ ಮುಟ್ಟದ ದೇಶ ಭೂಪಟದಲ್ಲಿ ಉಳಿಯಲ್ಲ,” ಎಂದು ಆ ಮನೆಯ ಯಜಮಾನ ಊಟದ ಮೇಜಿನ ಪಕ್ಕ ನಿಂತು ಘೋಷಿಸಿದ. ಕೈಯಲ್ಲಿ ಹೊಸ ಕ್ಯಾಮೆರಾ ಇತ್ತು, ಕೊರಳಲ್ಲಿ ಅದರ ಪಟ್ಟಿ ಇತ್ತು, ಬೆಲೆಯ ಚೀಟಿ ಮಾತ್ರ ಇರಲಿಲ್ಲ. ಅದನ್ನು ಅಂಗಡಿಯ ಮೆಟ್ಟಿಲಿಳಿಯುವಾಗಲೇ ನಾಲ್ಕು ಚೂರು ಮಾಡಿ ಮೋರಿಗೆ ಅರ್ಪಿಸಿ ಬಂದಿದ್ದ.

ಹೆಂಡತಿ ಯಾರದೋ ಅಂಗಿಗೆ ಕಾಜಾ ಹಾಕುತ್ತಿದ್ದಳು. ದಾರವನ್ನು ಹಲ್ಲಿನಲ್ಲಿ ಕಡಿದು, ಮುಖವೆತ್ತದೆ, ಯಾವ ಫೋಟೋ ಎಂದು ಕೇಳಿದಳು. ಅವನು ವಿವರಿಸಿದ. ಆನ್‌ಲೈನ್‌ನಲ್ಲಿ ಕಲಾತ್ಮಕ ಫೋಟೋಗಳ ದೊಡ್ಡ ಸಂತೆಯೇ ನೆರೆದಿದೆ. ಪುಸ್ತಕದವರು, ಕ್ಯಾಲೆಂಡರಿನವರು, ಜಾಹೀರಾತಿನವರು ಅಲ್ಲಿಗೆ ಬಂದು ಕೊಳ್ಳುತ್ತಾರೆ. ಒಮ್ಮೆ ಹಾಕಿಬಿಟ್ಟರೆ ಸಾಕು, ಫೋಟೋ ದುಡಿಯಲು ಹೋಗುತ್ತದೆ, ನಾವು ಕಾಲು ಚಾಚಿ ಕೂರಬಹುದು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಅದಿರಲಿ, ಮುಂದಿನ ಕೋಣೆಯ ಗೋಡೆಗೆ ಮೇಸ್ತ್ರಿಯನ್ನು ಯಾವಾಗ ಕರೆಸುತ್ತೀರಿ ಎಂದಳು.

ಆ ಪ್ರಶ್ನೆಗೆ ಕಾರಣವಿತ್ತು. ಹದಿನೆಂಟು ವರ್ಷ ಊರಿನವರ ಬಟ್ಟೆ ಹೊಲಿದ ಮೇಲೆ ಅವಳು ತನ್ನದೇ ಹೊಲಿಗೆ ತರಗತಿ ತೆರೆಯುವ ತಯಾರಿಯಲ್ಲಿದ್ದಳು. ಐದು ತಿಂಗಳಾಚೆಗೆ, ಒಂದನೇ ತಾರೀಖಿಗೆ ಶುರು. ಜಾಗ ಎಂದರೆ ಮನೆಯ ಮುಂದಿನ ಕೋಣೆ. ಅಲ್ಲಿ ಬಾಗಿಲು ಕಿಟಕಿಗಳ ಕಾಟವಿಲ್ಲದ ಉದ್ದ ಗೋಡೆ ಒಂದೇ. ಹೊಲಿಗೆ ಮಿಷನ್‌ಗಳು ಅದಕ್ಕೇ ಒರಗಿ ನಿಲ್ಲಬೇಕು. ಗೋಡೆಯ ಆಚೆ ಬದಿಗೆ ಬಚ್ಚಲು. ಒಳಗಿನ ಪೈಪು ಎಲ್ಲೋ ಕಣ್ಣೀರು ಹಾಕುತ್ತಿತ್ತು. ಈಚೆ ಬದಿಯಲ್ಲಿ ಒಂದು ತಟ್ಟೆಯಗಲ ತೇವದ ಕಲೆ ಮೂಡಿತ್ತು.

“ಕರೆಸೋಣ, ಅದೇನು ಓಡಿಹೋಗುತ್ತಾ,” ಎಂದ ಗಂಡ. ಗೋಡೆ ಓಡಿಹೋಗುವುದಿಲ್ಲ ಎಂಬುದು ಅವನ ಕಸುಬಿಗೆ ಒಪ್ಪುವ ಮಾತಲ್ಲ. ಅವನು ವಿಮಾ ಕಂಪನಿಯ ಸರ್ವೇಯರ್. ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು, ಕುಸಿದ ಕಾಂಪೌಂಡುಗಳ ಮುಂದೆ ನಿಂತು, ಪರಿಹಾರ ಕೇಳುವವರ ಮಾತಿನಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ಕೇರುವುದು ಇಪ್ಪತ್ತೆರಡು ವರ್ಷಗಳ ಕೆಲಸ. ಬಿರುಕಿನ ಮುಖ ನೋಡಿ ಅದರ ವಯಸ್ಸು ಹೇಳುತ್ತಿದ್ದ. ಆಫೀಸಿನಲ್ಲಿ ಅವನಿಗೆ ಭೂತಗನ್ನಡಿ ಎಂದೇ ಹೆಸರು. ಹಾನಿ ಮೊದಲೇ ಗೊತ್ತಿದ್ದೂ ಮಾಲೀಕ ಸುಮ್ಮನಿದ್ದ ಎಂಬ ಒಂದೇ ಸಾಲಿನಿಂದ ಅವನು ತಳ್ಳಿಹಾಕಿದ ಅರ್ಜಿಗಳನ್ನು ಪೇರಿಸಿದರೆ ಅದರ ಮೇಲೆ ಹತ್ತಿ ಸೀಲಿಂಗ್ ಫ್ಯಾನ್ ಒರೆಸಬಹುದಿತ್ತು.

ಮೊದಲ ತಿಂಗಳನ್ನು ಭೂತಗನ್ನಡಿ ಸೌಂದರ್ಯಕ್ಕೆ ಮೀಸಲಿಟ್ಟ. ಗುಲಾಬಿ, ಇಬ್ಬನಿ, ಸೂರ್ಯಾಸ್ತ, ಪಕ್ಕದ ಮನೆಯ ಬೆಕ್ಕು. ಹಾನಿಯ ಅಳತೆ ತಿಳಿಯಲೆಂದು ಫೋಟೋದಲ್ಲಿ ಪಕ್ಕಕ್ಕೊಂದು ಆರಿಂಚಿನ ಸ್ಕೇಲ್ ಇಡುವುದು ಸರ್ವೇಯರರ ಪದ್ಧತಿ. ಹುಟ್ಟುಗುಣದಂತೆ ಅದು ಕ್ಯಾಮೆರಾದ ಹಿಂದೆಯೇ ಬಂತು. ಗುಲಾಬಿಯ ಪಕ್ಕದಲ್ಲಿ ಸ್ಕೇಲ್ ಇತ್ತು. ಬೆಕ್ಕಿನ ಬಾಲ ಸ್ಕೇಲಿಗಿಂತ ಎರಡಿಂಚು ಉದ್ದ ಎಂಬುದು ಜಗತ್ತಿಗೆ ತಿಳಿಯುವಂತಿತ್ತು. ಸೂರ್ಯಾಸ್ತದ ಅಂಚಿನಲ್ಲೂ ಒಂದು ತುದಿ ಇಣುಕುತ್ತಿತ್ತು.

ಫೋಟೋ ಮಾರುವ ಜಾಲತಾಣದವರು ನಲವತ್ತೊಂದನ್ನು ಹಿಂದಕ್ಕೆ ತಳ್ಳಿದರು. ಚಿತ್ರದಲ್ಲಿ ಅನಗತ್ಯ ವಸ್ತುವಿದೆ ಎಂದರು. ಸ್ಕೇಲ್ ತೆಗೆದು ಕಳಿಸಿದ. ಈ ವಿಷಯದ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ ಎಂದರು. ಜೀವಮಾನವೆಲ್ಲ ತಿರಸ್ಕಾರದ ಪತ್ರ ಬರೆದವನಿಗೆ, ಅದನ್ನು ಓದುವುದು ಹೇಗಿರುತ್ತದೆ ಎಂಬುದು ಅಲ್ಲಿಯವರೆಗೆ ತಿಳಿದಿರಲಿಲ್ಲ. ತಿರಸ್ಕರಿಸುವುದಾದರೆ ಮನುಷ್ಯನಿಗೆ ಸರಿಯಾದ ಕಾರಣ ಕೊಡಬೇಕಪ್ಪ ಎಂದು ಗೊಣಗಿದ. ನೀನು ಕೊಡುತ್ತಿದ್ದೆಯಾ ಎಂದು ಕೇಳಿ ಮಗಳು ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೊರಟುಹೋದಳು.

ನಲವತ್ತೆರಡನೆಯದು ಆಕಸ್ಮಿಕ. ಲೆನ್ಸ್ ಸರಿಯಿದೆಯೇ ಎಂದು ನೋಡಲು ಎದುರಿಗಿದ್ದ ಗೋಡೆಯ ಕಲೆಯನ್ನು ಹಿಡಿದಿದ್ದ. ಬೇರೆಯವುಗಳ ಜೊತೆ ಅದೂ ಹೋಯಿತು. ಅದೊಂದೇ ಸ್ವೀಕೃತವಾಯಿತು. ಮೂರನೆಯ ದಿನ ಮಾರಾಟವೂ ಆಯಿತು! ಬಂದ ಹಣ ಒಂದು ಕಪ್ ಚಹಾಕ್ಕೂ ಸಾಲುತ್ತಿರಲಿಲ್ಲ. ಅದು ಮುಖ್ಯವಲ್ಲ. ಯಾವುದೋ ದೂರದ ದೇಶದಲ್ಲಿ ಒಬ್ಬ ಮನುಷ್ಯ ಇವನ ಮನೆಯ ತೇವವನ್ನು ದುಡ್ಡು ಕೊಟ್ಟು ಕೊಂಡಿದ್ದ. ಭೂತಗನ್ನಡಿ ಹೋಗಿ ಗೋಡೆಯ ಮುಂದೆ ನಿಂತು, ಹೊಸದಾಗಿ ಕಂಡವನಂತೆ ಅದನ್ನು ಮೇಲಿಂದ ಕೆಳಗೆ ನೋಡಿದ. ಕಲೆಯ ನಡುವೆ ಹಸಿರು, ಸುತ್ತ ಬೂದಿ, ಅಂಚಿನಲ್ಲಿ ತುಕ್ಕಿನ ಬಣ್ಣ. ಇಪ್ಪತ್ತೆರಡು ವರ್ಷ ಹಾನಿಯನ್ನು ನೋಡಿದ ಕಣ್ಣು ಇದು. ಅದು ಪಳಗಿದ್ದು ಗುಲಾಬಿಗಲ್ಲ, ಬೂಷ್ಟಿಗೆ ಎಂಬ ಜ್ಞಾನೋದಯ ಆ ಕ್ಷಣದಲ್ಲಾಯಿತು.

ಅಲ್ಲಿಂದ ಗೋಡೆಯ ಭಾಗ್ಯದ ಬಾಗಿಲು ತೆರೆಯಿತು. ವಾರ ಹತ್ತು ದಿನಕ್ಕೊಂದು ಫೋಟೋ, ಪ್ರತಿಯೊಂದಕ್ಕೂ ಒಂದು ಘನವಾದ ಶೀರ್ಷಿಕೆ. ‘ಗೋಡೆಯೊಳಗಿನ ಕಾಡು.’ ‘ತೇವದ ಧ್ಯಾನ.’ ‘ಮೌನಕ್ಕೆ ಮೂಡಿದ ಮೀಸೆ.’ ಕಲೆ ಎಲ್ಲರಿಗೂ ದಕ್ಕುವುದಲ್ಲ ಎಂದು ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ಆಫೀಸಿನಲ್ಲಿ ಮಾತ್ರ ಹದಿನೇಳು ಜನರಿಗೂ ತನ್ನ ಪುಟದ ಕೊಂಡಿ ಕಳಿಸಿದ. ಸಂಜೆಯೊಳಗೆ ಯಾರು ಮೆಚ್ಚುಗೆಯ ಗುಂಡಿ ಒತ್ತಲಿಲ್ಲವೋ ಅವರ ಮೇಜಿನ ಬಳಿ ಹೋಗಿ ಕೆಮ್ಮುತ್ತ ನಿಲ್ಲುತ್ತಿದ್ದ.

ಹೆಂಡತಿಯೇ ಮೇಸ್ತ್ರಿಯನ್ನು ಕರೆಸಿದಳು. ಅವನು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, “ಸಾರ್, ಇದು ಬಣ್ಣದ ಕೆಲಸ ಅಲ್ಲ. ಒಳಗಡೆ ಗಾರೆ ಉಬ್ಬಿದೆ. ಪೈಪು ತೆಗೆದು ನೋಡಬೇಕು,” ಎಂದ. ಆ ಹೊತ್ತಿಗೆ ಅಂಗಳದಲ್ಲಿ ಹೆಂಡತಿ ಗಿರಾಕಿಯೊಬ್ಬಳ ಅಳತೆ ತೆಗೆಯುತ್ತಿದ್ದಳು. ಭೂತಗನ್ನಡಿ ಮೇಸ್ತ್ರಿಯ ಭುಜ ಹಿಡಿದು ಹಿತ್ತಿಲ ಬಾಗಿಲಿಂದ ದಾಟಿಸಿದ. ಆಫೀಸಿನಿಂದ ದೊಡ್ಡ ಎಂಜಿನಿಯರನ್ನೇ ಕರೆತರುತ್ತೇನೆ, ಅಲ್ಲಿಯತನಕ ಗೋಡೆ ಮುಟ್ಟಬಾರದು ಎಂದ. ಹೆಂಡತಿಗೆ, ಮೇಸ್ತ್ರಿ ಕೈತುಂಬ ಕೆಲಸ ಇಟ್ಟುಕೊಂಡಿದ್ದಾನೆ, ಬರುವ ತಿಂಗಳು ಬರುತ್ತಾನಂತೆ ಎಂದ. ಒಂದೇ ಬಾಯಿ, ಎರಡು ಸುಳ್ಳು, ಎರಡಕ್ಕೂ ಒಂದೇ ಮುಖ.

ಮೂರನೆಯ ತಿಂಗಳು ಬಿಸಿಲು ಏರಿತು. ಕಲೆ ಒಣಗತೊಡಗಿತು. ಹಸಿರು ಬಿಳಿಚಿ ಹಪ್ಪಳದಂತಾಯಿತು. ಮಗು ಊಟ ಬಿಟ್ಟಾಗ ತಂದೆಗಾಗುವ ಸಂಕಟ ಅವನಿಗಾಯಿತು. ಹೆಂಡತಿ ದಾರ, ಗುಂಡಿ ತರಲು ಪೇಟೆಗೆ ಹೋದ ಬೆಳಗುಗಳಲ್ಲಿ, ಅವಳು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಂದು ಗೋಡೆಗೆ ಸಿಂಪಡಿಸಲು ಶುರುಮಾಡಿದ. ಒಂದು ದಿನ ಮಗಳು ಬಾಗಿಲಲ್ಲಿ ನಿಂತು ನೋಡಿದಳು.

“ಅಪ್ಪ, ಗೋಡೆಗೆ ನೀರು ಹಾಕ್ತಿದ್ದೀಯ?”

“ಧೂಳು ಒರೆಸ್ತಿದ್ದೀನಿ.”

“ಗೊಬ್ಬರದ ಚೀಲ ಎಲ್ಲಿಟ್ಟಿದ್ದೀಯ?” ಎಂದು ಕೇಳಿ ಅವಳು ಒಳಗೆ ಹೋದಳು. ಅಮ್ಮನಿಗೆ ಹೇಳಲಿಲ್ಲ. ಹೇಳದೆ ಇರಲು ಒಂದು ಜೊತೆ ಶೂ ಬೇಕಾಯಿತು.

ಗೋಡೆ ಋಣ ತೀರಿಸಿತು. ತಟ್ಟೆಯಗಲ ಇದ್ದದ್ದು ಹಾಸಿಗೆಯಗಲವಾಯಿತು. ಕ್ಯಾಮೆರಾ ಬಂದು ನಾಲ್ಕು ತಿಂಗಳು ತುಂಬಿದ ದಿನ ಹನ್ನೆರಡನೆಯ ಫೋಟೋ ಹಾಕಿ, ಶೀರ್ಷಿಕೆಗೆ ‘ನಾಲ್ಕನೇ ತಿಂಗಳು’ ಎಂದಿಟ್ಟ. ನೋಡುವವರಿಗೆ ಹಿನ್ನೆಲೆ ತಿಳಿಯಲೆಂದು ಕೆಳಗೆ ಎರಡು ಸಾಲು ವಿವರಣೆ ಬರೆದ. ಬರೆದು, ತಾನೇ ಓದಿ, ತಲೆದೂಗಿದ.

ತರಗತಿಗೆ ಒಂಬತ್ತು ದಿನ ಉಳಿದಿತ್ತು. ಹನ್ನೊಂದು ಹೆಂಗಸರು ಹೆಸರು ಬರೆಸಿದ್ದರು. ಆ ಶನಿವಾರ ಬೆಳಿಗ್ಗೆ ನಾಲ್ಕು ಮಿಷನ್‌ಗಳು ಬಂದು ಗೋಡೆಗೆ ಒಂದು ಮೊಳ ಬಿಟ್ಟು ಸಾಲಾಗಿ ನಿಂತವು. ಹೆಂಡತಿ ಅವುಗಳಿಗೆ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ, ಇನ್ನು ಗಂಡನನ್ನು ನೆಚ್ಚಿದರೆ ಆಗದು ಎಂದು ತಾನೇ ಬಣ್ಣದ ಅಂಗಡಿಗೆ ಹೋದಳು. ಅರ್ಧ ಗಂಟೆಯಲ್ಲಿ ಬರಿಗೈಯಲ್ಲಿ ತಿರುಗಿ ಬಂದಳು. ಬರಿಗೈ ಎಂದರೆ ಪೂರ್ತಿ ಬರಿಗೈಯಲ್ಲ, ಒಂದು ಹೊಳೆಯುವ ಕರಪತ್ರ ಹಿಡಿದಿದ್ದಳು. ಅದು ತೇವ ತಡೆಯುವ ಬಣ್ಣದ ಜಾಹೀರಾತು. ಪುಟದ ತುಂಬ ಬೂಷ್ಟು ಹಿಡಿದ ಗೋಡೆಯ ಚಿತ್ರ, ಮೇಲೆ ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ: ನಿಮ್ಮ ಮನೆಯ ಗೋಡೆಯೂ ಹೀಗಿದೆಯೇ?

“ಅಂಗಡಿಯವರು ಇದನ್ನೇ ಕೇಳಿದ್ರು, ನಿಮ್ಮನೆ ಗೋಡೆ ಹೀಗಿದೆಯಾ ಅಂತ,” ಎಂದಳು ಹೆಂಡತಿ. ಧ್ವನಿ ತಣ್ಣಗಿತ್ತು. “ಹೀಗಲ್ಲಣ್ಣ, ಇದೇ, ಅಂದೆ.”

ಚಿತ್ರದಲ್ಲಿ ಮುಂದಿನ ಕೋಣೆಯ ಗೋಡೆಯದೇ ಸೊಟ್ಟ ಮೊಳೆ ಇತ್ತು. ಮೊಳೆಯ ಕೆಳಗೆ, ಮಗಳಿಗೆ ಮೂರು ತುಂಬಿದಾಗಿನಿಂದ ಒಂಬತ್ತರವರೆಗೆ ಅವಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳಿದ್ದವು. ಮುದ್ರಣ ಎಷ್ಟು ಚೊಕ್ಕವಾಗಿತ್ತೆಂದರೆ ಹೆಂಡತಿಯದೇ ಅಕ್ಷರದ ‘ಐದು ವರ್ಷ’ ಓದಬಹುದಾಗಿತ್ತು. ಭೂತಗನ್ನಡಿಗೆ ಮೊದಲು ಎದೆಯುಬ್ಬಿತು, ತನ್ನ ಕೃತಿ ಅಚ್ಚಾಗಿತ್ತು. ಅದೇ ಉಸಿರಿನಲ್ಲಿ ಎದೆ ಧಸಕ್ಕೆಂದಿತು, ತನ್ನ ಕೃತ್ಯವೂ ಅಚ್ಚಾಗಿತ್ತು. ಅವಳು ಒಂದೊಂದೇ ಪ್ರಶ್ನೆ ಕೇಳಿದಳು, ಅವನು ಒಂದೊಂದೇ ಉತ್ತರ ಒಪ್ಪಿಸಿದ. ಮೇಸ್ತ್ರಿ, ಎಂಜಿನಿಯರು, ಇಸ್ತ್ರಿಯ ಬಾಟಲಿ, ಎಲ್ಲ ಹೊರಗೆ ಬಂದವು. ಅವಳು ಕೂಗಾಡಲಿಲ್ಲ. ಸೋಮವಾರ ಮೇಸ್ತ್ರಿ ಬರುತ್ತಾನೆ, ಅಲ್ಲಿಯವರೆಗೆ ಆ ಗೋಡೆಯ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದಷ್ಟೇ ಹೇಳಿದಳು.

ಭೂತಗನ್ನಡಿ ಒಪ್ಪಿದ. ಆದರೆ ಕಲಾವಿದ ಒಪ್ಪಬೇಕಲ್ಲ.

ಭಾನುವಾರ ಮಧ್ಯಾಹ್ನ ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅವನು ಕ್ಯಾಮೆರಾ ಹಿಡಿದು ಮುಂದಿನ ಕೋಣೆಗೆ ನುಸುಳಿದ. ನಾಳೆ ಸುಣ್ಣವಾಗಲಿರುವ ಗೋಡೆಗೆ ಒಂದು ವಿದಾಯ ಬೇಡವೇ? ಹದಿಮೂರು ಆಗಿತ್ತು. ಇದು ಹದಿನಾಲ್ಕನೆಯದು, ಕೊನೆಯದು. ಮೇಜುದೀಪವನ್ನು ನೆಲದ ಮೇಲಿಟ್ಟು ಓರೆ ಬೆಳಕು ಬೀಳಿಸಿದ. ಬಾಟಲಿಯಿಂದ ಕೊನೆಯ ತೀರ್ಥ ಪ್ರೋಕ್ಷಿಸಿದ. ಒಂದು ತೆಗೆದ, ಆಫೀಸಿನವರಿಗೂ ಜಗತ್ತಿಗೂ ಅಲ್ಲಿಂದಲೇ ಏರಿಸಿದ. ಆದರೂ ಮನಸ್ಸು ತುಂಬಲಿಲ್ಲ. ನಡುವೆ ಉಬ್ಬಿದ್ದ ಗಾರೆಯ ಹಕ್ಕಳೆ ಇನ್ನು ಅರ್ಧ ಇಂಚು ಮುಂದೆ ಬಂದರೆ ಅದರ ನೆರಳು ದಿವ್ಯವಾಗಿ ಬೀಳುತ್ತಿತ್ತು. ಹಣ್ಣು ಕತ್ತರಿಸುವ ಚಾಕುವಿನ ತುದಿಯನ್ನು ಅದರ ಕೆಳಗೆ ತೂರಿಸಿ, ವೈದ್ಯರು ನಾಡಿ ಹಿಡಿದಷ್ಟು ಮೆದುವಾಗಿ ಮೀಟಿದ.

ಗೋಡೆ ಒಮ್ಮೆ ನಿಟ್ಟುಸಿರಿಟ್ಟಿತು.

ಆಮೇಲೆ ಅರ್ಧ ಇಂಚಲ್ಲ, ನಾಲ್ಕು ಅಡಿ ಅಗಲ, ಏಳು ಅಡಿ ಎತ್ತರದ ಗಾರೆ ಒಂದೇ ಹಾಳೆಯಾಗಿ ಎದ್ದು ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿ ಎರಡು ಮಿಷನ್‌ಗಳ ಮೇಲೆ ಮಲಗಿತು. ಅದರ ಹಿಂದೆ, ತಿಂಗಳುಗಳಿಂದ ಸದ್ದಿಲ್ಲದೆ ಅಳುತ್ತಿದ್ದ ಪೈಪು ಕೀಲು ಬಿಟ್ಟುಕೊಂಡು, ಕೋಣೆಯ ಈ ತುದಿಯಿಂದ ಆ ತುದಿಗೆ ನೀರು ಚಿಮ್ಮಿಸಿತು. ಹೆಂಡತಿ ಓಡಿ ಬಂದು ಹೊರಗಿನ ನೀರಿನ ತಿರುಪು ಮುಚ್ಚಿ ಒಳಗೆ ಕಾಲಿಟ್ಟಾಗ, ಭೂತಗನ್ನಡಿ ನೆಲದ ಮೇಲೆ ಆಮೆಯಂತೆ ಮುದುಡಿ, ಹೊಟ್ಟೆಯ ಕೆಳಗೆ ಕ್ಯಾಮೆರಾ ಅವುಚಿಕೊಂಡು ಬಿದ್ದಿದ್ದ.

“ಪೆಟ್ಟಾಯ್ತೇನ್ರೀ?”

“ಇಲ್ಲ.”

“ಕ್ಯಾಮೆರಾಗೆ?”

“ಇಲ್ಲ.”

ಅವಳು ಮಿಷನ್‌ಗಳ ಕಡೆ ತಿರುಗಿದಳು. ಒಂದರ ಚಕ್ರ ಮುರಿದು ಪಕ್ಕಕ್ಕೆ ಬಿದ್ದಿತ್ತು, ಇನ್ನೊಂದರ ತಲೆ ಕುತ್ತಿಗೆ ತಿರುಚಿದ ಹಕ್ಕಿಯಂತಿತ್ತು. ಹದಿನೆಂಟು ವರ್ಷದ ಕಾಜಾ, ಗುಂಡಿ, ಅಂಚುಪಟ್ಟಿಗಳಿಂದ ಕೂಡಿಟ್ಟ ದುಡ್ಡು ಆ ಎರಡು ಕಬ್ಬಿಣಗಳೊಳಗೆ ಇತ್ತು. ಅವಳು ಅತ್ತಿದ್ದರೆ ಅವನಿಗೆ ಸಮಾಧಾನ ಹೇಳಲು ಬರುತ್ತಿತ್ತು. ಅವಳು ಪೊರಕೆ ತಂದಳು.

ಸಂಜೆಯ ಹೊತ್ತಿಗೆ ಅವನಿಗೆ ಒಂದು ಬೆಳಕು ಕಂಡಿತು. ಮನೆಗೆ ವಿಮೆ ಇದೆ, ಅದೂ ತನ್ನ ಆಫೀಸಿನದೇ! ಪೈಪು ಒಡೆದು ಆದ ನಷ್ಟಕ್ಕೆ ಪರಿಹಾರ ಸಿಗುತ್ತದೆ, ಗೋಡೆ ಏಳುತ್ತದೆ, ಮಿಷನ್ ಬರುತ್ತವೆ, ಒಂದನೇ ತಾರೀಖಿಗೆ ತರಗತಿ ನಡೆಯುತ್ತದೆ. ಅರ್ಜಿಯ ನಮೂನೆ ಅವನಿಗೆ ಬಾಯಿಪಾಠ. ಪೈಪು ಆಕಸ್ಮಿಕವಾಗಿ ಒಡೆದು ಎಂದು ಶುರುಮಾಡಿ, ನಡುವೆ ಎಲ್ಲಿಯೂ ಚಾಕುವಿನ ಪ್ರಸ್ತಾಪ ಬರದಂತೆ ಎರಡು ಪುಟ ತುಂಬಿದ. ಹೆಂಡತಿ ಓದಿ, ಇದು ನಡೆಯುತ್ತದೆಯೇ ಎಂದಳು. ನನ್ನ ಕಣ್ಣಿನಿಂದಲೂ ತಪ್ಪಿಸಿಕೊಳ್ಳುವಂಥ ಅರ್ಜಿ ಇದು ಎಂದು ಅವನು ಹೆಮ್ಮೆಯಿಂದ ಹೇಳಿದ. ಕರಪತ್ರ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಆ ಸಂಜೆ ಅವಳು ಅವನಿಗೆ ಕಾಫಿ ಕೊಟ್ಟಳು.

ಸ್ವಂತ ಮನೆಯ ಸಮೀಕ್ಷೆ ಸ್ವತಃ ಮಾಡುವಂತಿಲ್ಲ. ಸೋಮವಾರ ಆಫೀಸಿನಿಂದ ಬಂದವಳು ಅವನ ಶಿಷ್ಯೆ, ಮೂರು ವರ್ಷ ಅವನೇ ಕೈಹಿಡಿದು ಕಲಿಸಿದ ಹುಡುಗಿ. ಬಂದವಳೇ ಚಪ್ಪಲಿ ಬಿಟ್ಟು, ಅವನ ಹೆಂಡತಿಯ ಕೈ ಹಿಡಿದು ಆಂಟಿ ಎಂದು ಎರಡು ಮಾತಾಡಿ, ಕೆಲಸಕ್ಕೆ ತೊಡಗಿದಳು. ನಾಲ್ಕು ಕಡೆಯಿಂದ ಫೋಟೋ, ಹತ್ತಿರದಿಂದ ಒಂದು, ಪಕ್ಕಕ್ಕೆ ಆರಿಂಚಿನ ಸ್ಕೇಲ್. ಗುರುವಿಗೆ ಒಳಗೊಳಗೇ ಸಂತೋಷವಾಯಿತು.

“ಸರ್, ತೇವ ಮೊದಲು ಯಾವತ್ತು ಕಣ್ಣಿಗೆ ಬಿತ್ತು?”

“ಭಾನುವಾರ. ಪೈಪು ಒಡೆದ ಮೇಲೆ.”

ಪೆನ್ನು ಕಾಗದದ ಮೇಲೆ ನಿಂತಿತು. ಅವಳು ಗುರುವನ್ನು ನೋಡಿದಳು, ಆಂಟಿಯನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ಬಹಳ ಸಂಕೋಚದಿಂದ ಕೈಚೀಲದಿಂದ ಮೊಬೈಲು ತೆಗೆದಳು.

“ಸರ್, ತಪ್ಪು ತಿಳ್ಕೋಬೇಡಿ. ಹದಿನಾಲ್ಕಕ್ಕೂ ನಾನು ಮೆಚ್ಚುಗೆ ಒತ್ತಿದ್ದೀನಿ. ಹದಿಮೂರಕ್ಕೆ ನೀವೇ ಮೇಜಿನ ಹತ್ರ ಬಂದು ಒತ್ತಿಸಿದ್ರಿ.”

ಹದಿನಾಲ್ಕು ಫೋಟೋಗಳು ತಾರೀಖಿನ ಸಮೇತ, ತಟ್ಟೆಯಿಂದ ಹಾಸಿಗೆಯವರೆಗೆ, ಪೊಲೀಸರ ಕಡತದಂತೆ ಕ್ರಮವಾಗಿ ಕೂತಿದ್ದವು. ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು ಭೂತಗನ್ನಡಿ ತನ್ನ ಇಪ್ಪತ್ತೆರಡು ವರ್ಷದಲ್ಲಿ ಯಾವ ಮಾಲೀಕನಿಂದಲೂ ಪಡೆದಿರಲಿಲ್ಲ. ‘ನಾಲ್ಕನೇ ತಿಂಗಳು’ ಒಂದೇ ಸಾಕಾಗಿತ್ತು. ಆದರೆ ಅದರ ಕೆಳಗೆ ವಿವರಣೆಯೂ ಇತ್ತು. ಶಿಷ್ಯೆ ಓದಲಾರದೆ ಮೊಬೈಲನ್ನೇ ಕೊಟ್ಟಳು. ಹೆಂಡತಿ ಗಟ್ಟಿಯಾಗಿ ಓದಿದಳು: “ಕಲಾವಿದನ ಸ್ವಂತ ಮನೆಯ ಗೋಡೆ. ಮನೆಯವರ ಒತ್ತಾಯವಿದ್ದರೂ ಕಲೆಗಾಗಿ ಉದ್ದೇಶಪೂರ್ವಕವಾಗಿ ದುರಸ್ತಿ ಮಾಡಿಸಿಲ್ಲ.”

ಅವನು ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಮಾಲೀಕರು ಈ ಘಳಿಗೆಯಲ್ಲಿ ಗೋಡೆ ಹಿಡಿದುಕೊಂಡದ್ದನ್ನು ಕಂಡಿದ್ದ. ಅವನಿಗೆ ಹಿಡಿದುಕೊಳ್ಳಲು ಗೋಡೆಯೂ ಇರಲಿಲ್ಲ.

ಹುಡುಗಿಯ ಕಣ್ಣು ತುಂಬಿತು. ವರದಿಯನ್ನು ಹೇಗೆ ಬರೆಯಲಿ ಸರ್, ಇಂಥ ಪತ್ರಗಳನ್ನೆಲ್ಲ ನೀವೇ ಬರೆಯುತ್ತಿದ್ದಿರಿ ಎಂದಳು. ಭೂತಗನ್ನಡಿ ಅವಳ ಕೈಯಿಂದ ಬರೆಯುವ ಹಲಗೆ ಇಸಿದುಕೊಂಡ. ಒಂದು ಅಕ್ಷರ ತಿದ್ದದೆ, ತನ್ನ ಜೀವಮಾನದ ಅತ್ಯುತ್ತಮ ತಿರಸ್ಕಾರ ಪತ್ರವನ್ನು ತನಗೇ ಬರೆದ. ಹಾನಿಯ ಪೂರ್ಣ ಅರಿವಿದ್ದೂ ಮಾಲೀಕರು ಅದನ್ನು ತಡೆಯಲಿಲ್ಲ ಎಂದು ಬರೆದವನು, ಒಂದು ಕ್ಷಣ ಯೋಚಿಸಿ, ಬದಲಿಗೆ ಅಕ್ಕರೆಯಿಂದ ಪೋಷಿಸಿದ್ದಾರೆ ಎಂದು ಸೇರಿಸಿದ. ಶಿಷ್ಯೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಇಬ್ಬರಿಗೂ ಕೈಮುಗಿದು, ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಓಡಿದಳು.

ಹೆಂಡತಿ ಗಾರೆ ಕಳಚಿದ ಇಟ್ಟಿಗೆಗಳನ್ನು ಮುಟ್ಟಿ ನೋಡಿದಳು. ಏಳು ದಿನ ಉಳಿದಿತ್ತು. ಹನ್ನೊಂದು ಹೆಂಗಸರಿಗೆ ಫೋನ್ ಮಾಡಿ ಬರಬೇಡಿ ಎನ್ನುವುದೊಂದೇ ದಾರಿ ಎಂದು ಅವನಿಗನ್ನಿಸಿತು. ಅದನ್ನು ಅವಳ ಬಾಯಿಂದ ಕೇಳುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಕ್ಯಾಮೆರಾವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸುತ್ತಿದ್ದಳು. ಕೆಳಗೆ ಕಪ್ಪು ಅಸ್ತರಿನ ಬಟ್ಟೆ. ತನ್ನ ಮೊಬೈಲು ಎತ್ತಿ, ಒಂದು ಫೋಟೋ ತೆಗೆದು, ಕೆಳಗಿಟ್ಟಳು. ಹಳೆಯ ಸಾಮಾನು ಮಾರುವ ಆನ್‌ಲೈನ್ ಸಂತೆಗೆ ಹೇಗೆ ಹಾಕುವುದು ಎಂದು ಮಗಳನ್ನು ಕೇಳಿದಳು. ವಿವರಣೆಯನ್ನು ಅವಳೇ ಹೇಳಿ ಬರೆಸಿದಳು: ಐದು ತಿಂಗಳ ಕ್ಯಾಮೆರಾ. ಹೆಚ್ಚು ಓಡಾಡಿಲ್ಲ, ಮುಂದಿನ ಕೋಣೆಯಲ್ಲೇ ಇತ್ತು.

ಭೂತಗನ್ನಡಿ ಇಣುಕಿ ನೋಡಿದ. ಕಲಾವಿದನ ಬಾಯಿ ಸುಮ್ಮನಿರಲಿಲ್ಲ. ಮೇಜು ಸೊಟ್ಟಗಿದೆ, ಲೆನ್ಸಿನಲ್ಲಿ ಕಿಟಕಿ ಕಾಣುತ್ತಿದೆ, ಮೂಲೆಯಲ್ಲಿ ನಿನ್ನ ಹೆಬ್ಬೆರಳು ಬಂದಿದೆ, ಇಂಥ ಫೋಟೋವನ್ನು ಯಾರು ಮೂಸುತ್ತಾರೆ ಎಂದ. ಅವನು ಬೆಳಕಿನ ದಿಕ್ಕಿನ ಬಗ್ಗೆ ಶುರುಮಾಡುವಷ್ಟರಲ್ಲಿ ಮೊದಲ ಫೋನ್ ಬಂತು. ಮಗಳು ಗಡಿಯಾರ ನೋಡಿದಳು. ಹನ್ನೊಂದು ನಿಮಿಷ.

ಮರುದಿನ ಬೆಳಿಗ್ಗೆ ಕೊಳ್ಳುವವನು ಬಂದ. ಅವನೊಬ್ಬ ಬೇಕರಿಯವನು, ತನ್ನ ಕೇಕುಗಳ ಫೋಟೋ ತೆಗೆಯಬೇಕಿತ್ತಂತೆ. ಅಷ್ಟು ಹೊತ್ತಿಗೆ ಮೇಸ್ತ್ರಿ ಹಳೆಯ ಪೈಪು ಕಿತ್ತು ಹೊರಗೆಸೆದಿದ್ದ. ಬಣ್ಣ ಆಮೇಲೆ ನೋಡೋಣ, ಒಂದನೇ ತಾರೀಖಿಗೆ ಗೋಡೆ ನಿಲ್ಲಿಸುತ್ತೇನಮ್ಮ ಎಂದು ಮಾತು ಕೊಟ್ಟಿದ್ದ. ಹೆಂಡತಿ ಒಂದು ಮಿಷನ್ನಿನ ಚಕ್ರ ಬಿಚ್ಚಿ ಇನ್ನೊಂದಕ್ಕೆ ಕೂರಿಸಿ, ಎರಡರಿಂದ ಒಂದನ್ನು ಬದುಕಿಸಿಕೊಂಡಿದ್ದಳು. ಮೂರು ಮಿಷನ್ನಿನಲ್ಲಿ ಹನ್ನೊಂದು ಜನ ಸರದಿಯಲ್ಲಿ ಕಲಿಯುತ್ತಾರೆ ಎಂದು ನಿರ್ಧಾರವಾಗಿತ್ತು. ಆಫೀಸಿಗೆ ರಜೆ ಹಾಕಿದ್ದ ಭೂತಗನ್ನಡಿ ತಲೆಗೆ ಟವೆಲು ಸುತ್ತಿಕೊಂಡು ಮೇಸ್ತ್ರಿಗೆ ಮರಳು ಜರಡಿ ಹಿಡಿಯುತ್ತಿದ್ದ.

ಬೇಕರಿಯವನು ಏಳೆಂಟು ಕಡೆ ನೋಡಿದ್ದನಂತೆ. ಈ ಫೋಟೋ ನೋಡಿದ ಮೇಲೆ ಬೇರೆ ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ, ಯಾರೋ ಪಳಗಿದ ಕೈ ತೆಗೆದದ್ದು ಅಂತ ಗೊತ್ತಾಗುತ್ತದೆ ಎಂದ. ಜರಡಿ ಒಂದು ಕ್ಷಣ ನಿಂತಿತು. ಬೇಕರಿಯವನು ದುಡ್ಡು ಎಣಿಸಿ ಕೊಟ್ಟ, ಅದು ಹೆಂಡತಿಯ ಕೈಯಲ್ಲಿ ನಿಲ್ಲದೆ ನೇರ ಮೇಸ್ತ್ರಿಯ ಕೈಗೆ ಹೋಯಿತು. ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಬೇಕರಿಯವನಿಗೆ ಬಾಗಿಲಲ್ಲಿ ಅನುಮಾನ ಬಂತು.

“ಮೇಡಂ, ಇಷ್ಟು ಬೇಗ ಮಾರ್ತಿದ್ದೀರಿ. ಏನಾದ್ರೂ ದೋಷ ಇದೆಯಾ, ನಿಜ ಹೇಳಿ.”

“ಕ್ಯಾಮೆರಾದಲ್ಲಿ ಏನೂ ಇಲ್ಲಣ್ಣ,” ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. “ದೋಷ ಇದ್ದದ್ದು ಅದರ ಹಿಂದೆ. ಅದನ್ನ ಮಾರ್ತಾ ಇಲ್ಲ, ಮನೇಲೇ ಇಟ್ಕೋತೀವಿ.”